ಕನಕಕ್ಕನ ಬೋಗುಣಿ

ಖಾಲಿ ಪಾತ್ರೆ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮಜ್ಜಿಯ ಕಾನೂನು. ನೆರೆಯವರು ಪಾತ್ರೆಯಲ್ಲಿ ತಿಂಡಿಯನ್ನೋ ಹಣ್ಣನ್ನೋ ಕಳಿಸಿದರೆ, ಆ ಪಾತ್ರೆಯನ್ನು ತೊಳೆದು ಒರೆಸಿ, ನಮ್ಮ ಮನೆಯದು ಏನಾದರೂ ಅದರಲ್ಲಿಟ್ಟೇ ಹಿಂದಕ್ಕೆ ಕಳಿಸಬೇಕು. ಏನೂ ಒದಗದಿದ್ದರೆ ಹಿತ್ತಿಲ ಕರಿಬೇವಿನ ಎರಡು ಕಡ್ಡಿಯಾದರೂ ಸರಿ. ಉಪ್ಪು ಮಾತ್ರ ಕೂಡದು, ಉಪ್ಪು ಕೊಟ್ಟರೆ ಜಗಳ ಬರುತ್ತದೆ. ಹೊರಮಾವಿನ ಹೊಲದ ಮನೆಯಲ್ಲಿ ಹುಟ್ಟಿ ಹಲಸೂರಿಗೆ ಸೊಸೆಯಾಗಿ ಬಂದಿದ್ದ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಇಂಥ ಕಾನೂನುಗಳಿಗೇನೂ ಅವಳಲ್ಲಿ ಬರವಿರಲಿಲ್ಲ. ಮುಸ್ಸಂಜೆ ಹೊತ್ತಿನಲ್ಲಿ ಮೊಸರು ಕೊಡಬಾರದು, ಹೊಸ್ತಿಲ ಮೇಲೆ ನಿಂತು ಸೀನಬಾರದು, ಉಂಡ ತಟ್ಟೆ ಒಣಗಬಾರದು. ಅವುಗಳಲ್ಲಿ ಎಷ್ಟೋ ನನಗೆ ಈಗಲೂ ಕೈಗೆ ತಾನಾಗಿ ಬರುತ್ತವೆ. ಅಜ್ಜಿಯ ಪಾತ್ರೆಯ ಕಾನೂನಿಗೆ ಅವಳ ಸೊಸೆ, ಅಂದರೆ ನಮ್ಮಮ್ಮ ಜಯಮ್ಮ, ತನ್ನದೊಂದು ತಿದ್ದುಪಡಿ ಸೇರಿಸಿದ್ದಳು. ಬಂದದ್ದಕ್ಕಿಂತ ಹೋದದ್ದು ಒಂದು ಕೈ ಮೇಲಾಗಿರಬೇಕು. ಅವರು ನಿಪ್ಪಟ್ಟು ಕಳಿಸಿದರೆ ನಾವು ಚಕ್ಕುಲಿ, ಅವರು ಚಕ್ಕುಲಿ ಕಳಿಸಿದರೆ ನಾವು ಹೋಳಿಗೆ. ಮನುಷ್ಯರನ್ನು ಹಣ್ಣು ಮಾಡುವುದು ಹಿರಿಯರ ಕಾನೂನಲ್ಲ, ನಾವು ಅದಕ್ಕೆ ಸೇರಿಸಿಕೊಳ್ಳುವ ತಿದ್ದುಪಡಿ ಎಂಬುದು ಎಂಟೊಂಬತ್ತು ವರ್ಷದ ನನಗೆ ಆ ಒಂದು ಚಳಿಗಾಲದಲ್ಲೇ ಅರ್ಥವಾಯಿತು.

ನಮ್ಮ ಮನೆ ಹಲಸೂರಿನ ಹಳೆಯ ಬೀದಿಯೊಂದರಲ್ಲಿತ್ತು. ಮುಂದೆ ಒಂದು ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲು, ಒಂದು ಕರಿಬೇವಿನ ಗಿಡವೂ ಬಟ್ಟೆ ಒಗೆಯುವ ಕಲ್ಲೂ ಇದ್ದ ಹಿತ್ತಿಲು. ಪಕ್ಕದ ಮನೆಯೂ ಅಚ್ಚು ಹೀಗೆಯೇ. ಎರಡೂ ಅಡುಗೆಮನೆಗಳಿಗೆ ನಡುವೆ ಒಂದೇ ಗೋಡೆ, ಗೋಡೆಯ ಮೇಲ್ಗಡೆ ಹೊಗೆ ಹೋಗಲು ಬಿಟ್ಟ ಕಿಂಡಿ. ಆ ಕಿಂಡಿಯಲ್ಲಿ ಹೊಗೆ ಹೋಗುತ್ತಿತ್ತೋ ಇಲ್ಲವೋ, ಸದ್ದು ಮತ್ತು ವಾಸನೆ ಚೆನ್ನಾಗಿ ಹೋಗಿಬರುತ್ತಿದ್ದವು. ಆಚೆ ಕಡೆಯ ಅಡುಗೆಮನೆ ಕನಕಕ್ಕನದು. ಅವರು ತಂಜಾವೂರು ಸೀಮೆಯಿಂದ ಮದುವೆಯಾಗಿ ನಮ್ಮ ಬೀದಿಗೆ ಬಂದವರು. ಗಂಡನಿಗೆ ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರದಲ್ಲಿ ದರ್ಜಿ ಅಂಗಡಿ. ಅಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವರಾದ್ದರಿಂದ ಅಮ್ಮ ಅವರನ್ನು ಕನಕಕ್ಕ ಎನ್ನುತ್ತಿದ್ದಳು. ಅಮ್ಮನ ಬಾಯಿಂದ ಕೇಳಿ ಕೇಳಿ ನಾನೂ ಕನಕಕ್ಕ ಎಂದೇ ಕರೆಯುತ್ತಿದ್ದೆ. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ಬೆರೆತಿತ್ತು, ಅಮ್ಮನ ತಮಿಳಿನಲ್ಲಿ ಬರೀ ಕನ್ನಡವೇ ಇತ್ತು. ಹೀಗಿದ್ದೂ ಇಬ್ಬರೂ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ನಗುತ್ತಿದ್ದರು.

ಕನಕಕ್ಕನ ತವರಿನಿಂದ ಬಂದ ಒಂದು ಹಿತ್ತಾಳೆ ಬೋಗುಣಿ ಇತ್ತು. ಒಳಗೆ ಕಲಾಯಿ, ಹೊರಗೆ ಹೊಂಬಣ್ಣ, ಅಂಚಿನ ಮೇಲೆ ತಮಿಳಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅವರ ಹೆಸರು. ಎರಡು ಮನೆಗಳ ನಡುವೆ ಓಡಾಡುತ್ತಿದ್ದದ್ದು ಈ ಬೋಗುಣಿಯೇ. ಅದನ್ನು ಹೊತ್ತು ಓಡಾಡುತ್ತಿದ್ದವಳು ನಾನು. ನಾನು ಮೊದಲು ಕಲಿತ ತಮಿಳು ಅಕ್ಷರಗಳೂ ಆ ಅಂಚಿನ ಮೇಲಿನವೇ. ಅವರ ಮನೆಯಿಂದ ಬರುವಾಗ ಅದರಲ್ಲಿ ಪುಳಿಯೋಗರೆಯೋ ಉದ್ದಿನ ವಡೆಯೋ ಇರುತ್ತಿತ್ತು, ಹೋಗುವಾಗ ಅಮ್ಮನ ಒಬ್ಬಟ್ಟೋ ಕೋಡುಬಳೆಯೋ. ಬೋಗುಣಿ ಕೊಟ್ಟು ಬರಲು ಹೋದವಳು ಅಲ್ಲಿಯೇ ಕೂತು ತಿಂದು, ತಲೆ ಬಾಚಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದೆ.

ಅದು ಯುದ್ಧದ ಕಾಲ. ಯುದ್ಧ ಎಲ್ಲೋ ನಡೆಯುತ್ತಿತ್ತು, ಅದರ ಸಂಬಳ ಮಾತ್ರ ಬೆಂಗಳೂರಿನ ದಂಡುಪ್ರದೇಶದಲ್ಲಿ ಬಟವಾಡೆಯಾಗುತ್ತಿತ್ತು. ಅಪ್ಪನಿಗೆ ಮಿಲಿಟರಿ ಡಿಪೋ ಒಂದರಲ್ಲಿ ಹಂಗಾಮಿ ಗುಮಾಸ್ತೆಯ ಕೆಲಸ. ಕೋಟು ಹಾಕಿ, ರುಮಾಲು ಸುತ್ತಿ, ಸೈಕಲ್ ಹತ್ತಿ ಹೊರಟರೆ ಅಜ್ಜಿ ಜಗಲಿಯಲ್ಲಿ ನಿಂತು ಬೀದಿಯ ಕೊನೆಯವರೆಗೂ ನೋಡುತ್ತಿದ್ದಳು. ಕನಕಕ್ಕನ ಗಂಡನ ಅಂಗಡಿಯಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯಲು ಹಗಲೂ ರಾತ್ರಿ ಮಿಷಿನ್ನುಗಳು ಓಡುತ್ತಿದ್ದವು. ಅಕ್ಕಿಗೆ ರೇಷನ್ ಬಂದಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು, ಆದರೂ ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನವೇ. ಅನ್ನ ಉಣ್ಣುವುದು ಆಗ ಬರೀ ಊಟವಲ್ಲ, ಅದೊಂದು ಅಂತಸ್ತು. ರಾಗಿ ಹೊಲದವರದು, ಅನ್ನ ಆಫೀಸಿನವರದು. ಅಜ್ಜಿ ಮಾತ್ರ ಹೊಟ್ಟೆ ತುಂಬಲಿಲ್ಲ ಎಂದು ಗೊಣಗುತ್ತಿದ್ದಳು. ತನ್ನ ಮಗ ಕೋಟು ಹಾಕುವವನಾದ ಮೇಲೆ ತನ್ನ ಮುದ್ದೆ ಮನೆ ಬಿಟ್ಟು ಹೋಯಿತೆಂದು ಅವಳಿಗೆ ವ್ಯಥೆ.

ಅಮ್ಮನಿಗೆ ಒಂದು ತಲೆನೋವಿತ್ತು. ಬಂದರೆ ಎರಡು ದಿನ ಬಿಡುತ್ತಿರಲಿಲ್ಲ. ಹಣೆಗೆ ಶುಂಠಿ ತೇಯ್ದು ಪಟ್ಟು ಹಾಕಿಕೊಂಡು, ನಡುಮನೆಯ ಕತ್ತಲೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಡಾಕ್ಟರ ಕೆಂಪು ಔಷಧಿಯಾಗಲಿ ಅಜ್ಜಿ ನಿವಾಳಿಸಿದ ಮೆಣಸಿನಕಾಯಿಯಾಗಲಿ ನಾಟುತ್ತಿರಲಿಲ್ಲ. ನಾಟುತ್ತಿದ್ದದ್ದು ಕನಕಕ್ಕ ಒಬ್ಬರೇ. ಅವರು ಹಿತ್ತಿಲ ಬಾಗಿಲಿನಿಂದ ಬಂದು, ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀದಿಯವರ ಸಮಾಚಾರವನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದರು. ಯಾರ ಸೊಸೆ ಯಾರ ಮುಖಕ್ಕೆ ಏನು ಹೇಳಿದಳು, ಯಾವ ಗಂಡ ಬಿಳಿ ಸಿಪಾಯಿಯ ಹತ್ತಿರ ಬೆಣ್ಣೆ ಡಬ್ಬಿ ಕೊಂಡು ತಂದು ಅದರೊಳಗೆ ಬೂಟಿನ ಪಾಲಿಷ್ ಕಂಡ, ಇಂಥವು. ಅರ್ಧ ಗಂಟೆಯಲ್ಲಿ ಅಮ್ಮ ಎದ್ದು ಕೂತು ಕಣ್ಣೀರು ಬರುವಷ್ಟು ನಗುತ್ತಿದ್ದಳು. ಆಮೇಲೆ ಕಾಫಿ. ಈಗ ಮನಸ್ಸಿನ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಉದ್ದುದ್ದ ಬರೆಯುವುದನ್ನು ಓದುವಾಗಲೆಲ್ಲ ನನಗೆ ಕನಕಕ್ಕನ ತೊಡೆ ನೆನಪಾಗುತ್ತದೆ.

ಯುದ್ಧ ನಿಂತಿತು. ಬೀದಿಯಲ್ಲಿ ಪಟಾಕಿ ಹೊಡೆದರು, ನಮಗೆ ಸ್ಕೂಲಿನಲ್ಲಿ ಪೆಪ್ಪರಮೆಂಟು ಕೊಟ್ಟರು. ನಾನು ಅದನ್ನು ಚೀಪುತ್ತಾ ಮನೆಗೆ ಬಂದರೆ ಅಪ್ಪ ಒಬ್ಬರೇ ಜಗಲಿಯಲ್ಲಿ ಕೂತಿದ್ದರು. ಲೋಕಕ್ಕೆಲ್ಲ ಒಳ್ಳೆಯದಾದಾಗ ನಮ್ಮ ಮನೆಗೆ ಕೆಟ್ಟದಾಗಬಹುದು ಎಂಬ ವಿಚಿತ್ರ ನನಗೆ ಆಗ ತಿಳಿಯುವ ವಯಸ್ಸಲ್ಲ. ದಸರೆಯ ಹೊತ್ತಿಗೆ ಹಂಗಾಮಿ ಗುಮಾಸ್ತರನ್ನೆಲ್ಲ ಡಿಪೋದವರು ಮನೆಗೆ ಕಳಿಸಿದರು. ಅಮ್ಮ ಮೊದಲು ಮಾಡಿದ ಕೆಲಸ ಅಳುವುದಲ್ಲ, ಎಲ್ಲರ ಬಾಯಿಗೆ ಬೀಗ ಹಾಕುವುದು. ಬೀದಿಗೆ ಗೊತ್ತಾಗಬಾರದು ಎಂದು ನನಗೆ, ಅಜ್ಜಿಗೆ, ಅಪ್ಪನಿಗೆ ಬೇರೆ ಬೇರೆಯಾಗಿ ಹೇಳಿದಳು. ಅಪ್ಪ ಎಂದಿನಂತೆ ಬೆಳಿಗ್ಗೆ ಕೋಟು ಹಾಕಿ ಹೊರಡುತ್ತಿದ್ದರು, ಬೇರೆ ಕೆಲಸ ಹುಡುಕಲು. ಬೀದಿಯವರಿಗೆ ಕೋಟು ಕಂಡರೆ ಸಾಕು, ಅದರ ಒಳಗಿನದನ್ನು ಯಾರೂ ಕೇಳುವುದಿಲ್ಲ.

ಅಕ್ಕಿ ಕರಗಿತು. ಆಗ ಅಜ್ಜಿಯ ತಮ್ಮ ಹೊರಮಾವಿನಿಂದ ಗಾಡಿಯಲ್ಲಿ ರಾಗಿ ತಂದು ಹಾಕಿದ. ಅವನು ಮುಂಬಾಗಿಲಿಗೇ ಗಾಡಿ ನಿಲ್ಲಿಸಹೊರಟರೆ ಅಮ್ಮ ಓಡಿಹೋಗಿ ಹಿಂದಿನ ಸಂದಿಗೆ ತಿರುಗಿಸಿದಳು. ಪಾಪ, ಆ ಮುದುಕ ಎತ್ತುಗಳನ್ನು ಬಿಚ್ಚಿ, ಮೂಟೆಯನ್ನು ಬೆನ್ನ ಮೇಲೆ ಹೊತ್ತು, ಕಳ್ಳಮಾಲು ತಂದವನ ಹಾಗೆ ಹಿತ್ತಿಲಿನಿಂದ ಒಳಗೆ ಬಂದ. ಅವತ್ತಿನಿಂದ ನಮಗೆ ಎರಡು ಹೊತ್ತೂ ಮುದ್ದೆ, ಕೆರೆ ಏರಿಯ ಮೇಲೆ ಅಜ್ಜಿ ಕಿತ್ತು ತರುತ್ತಿದ್ದ ಸೊಪ್ಪಿನ ಉಪ್ಸಾರು. ಮುಂಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆವು. ಅಜ್ಜಿಯ ಕೆನ್ನೆಯಲ್ಲಿ ಕಳೆ ಬಂತು. ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಎಂದು ಹೇಳಿಕೊಂಡು ಅವಳು ನುಂಗುತ್ತಿದ್ದರೆ ಅಮ್ಮ ಗೋಡೆ ಕಡೆ ತಿರುಗಿ, ಪಿಸುಮಾತಿನಲ್ಲಿ, ಮೆಲ್ಲಗೆ ಅತ್ತೆ, ಕೇಳಿಸುತ್ತೆ ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನಾವು ಹಸಿದಿರಲಿಲ್ಲ. ಹೊಟ್ಟೆಗೆ ನಮಗೆ ಕಡಿಮೆಯಾಗಿರಲಿಲ್ಲ, ತೋರಿಸಿಕೊಳ್ಳುವುದಕ್ಕೆ ಕಡಿಮೆಯಾಗಿತ್ತು. ನಮ್ಮಂಥ ಮನೆಗಳಲ್ಲಿ ಎರಡನೆಯದೇ ಹೆಚ್ಚು ನೋಯುತ್ತದೆ.

ಹೀಗಿರುವಾಗ ದೀಪಾವಳಿ ಬಂತು. ಕಜ್ಜಾಯಕ್ಕೆ ಅಕ್ಕಿ ಬೇಕು, ಬೆಲ್ಲ ಬೇಕು, ಕರಿಯುವಷ್ಟು ಎಣ್ಣೆ ಬೇಕು. ಮೂರೂ ಇಲ್ಲದ ಮನೆಯಲ್ಲಿ ಅಮ್ಮ ದೇವರ ಮುಂದೆ ಹೂವಿಟ್ಟು ಎರಡು ದೀಪ ಹಚ್ಚಿ ಮುಗಿಸಿದಳು. ಅಷ್ಟು ಹೊತ್ತಿಗೆ ಕನಕಕ್ಕನೇ ಬಂದರು, ಕೈಯಲ್ಲಿ ಬೋಗುಣಿ, ಬೋಗುಣಿ ತುಂಬ ಕಜ್ಜಾಯ. ಅವರು ಅದನ್ನು ಅದಿರಸ ಎನ್ನುತ್ತಿದ್ದರು. ಇನ್ನೂ ಬಿಸಿಯಿತ್ತು, ಮೇಲೆ ಗಸಗಸೆ.

"ತಗೋ ಜಯಾ. ನಿಂದು ಎಲ್ಲಿ? ಈ ಸಲ ವಾಸನೆಯೇ ಬರಲಿಲ್ಲ."

"ಇನ್ನೂ ಪಾಕ ಮಾಡಿಲ್ಲ ಕನಕಕ್ಕ. ನಾಳೆ ಮಾಡಿ ಕಳಿಸ್ತೀನಿ."

ಆ ನಾಳೆ ಬರಲಿಲ್ಲ. ಕಜ್ಜಾಯ ನಾವು ತಿಂದೆವು, ನಾನಂತೂ ಅಂಗೈ ನೆಕ್ಕಿದೆ. ಬೋಗುಣಿ ಉಳಿಯಿತು. ಅಮ್ಮ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ಅಡುಗೆಮನೆಯ ಹಲಗೆಯ ಮೇಲಿಟ್ಟಳು. ಅಲ್ಲಿಂದ ಅದು ನಮ್ಮನ್ನು ನೋಡತೊಡಗಿತು. ಕರಿಬೇವು ಹಾಕಿ ಕಳಿಸು ಎಂದು ಅಜ್ಜಿ ಹೇಳಿದಳು. ಬೋಗುಣಿ ತುಂಬ ಕಜ್ಜಾಯ ಕೊಟ್ಟವರಿಗೆ ಎರಡು ಕಡ್ಡಿ ಕರಿಬೇವು ಕಳಿಸಿದರೆ ಡಂಗುರ ಹೊಡೆದ ಹಾಗೇ ಆಯಿತು ಎಂದು ಅಮ್ಮ. ಎಲ್ಲಿಯಾದರೂ ಒಂದಿಷ್ಟು ಬೆಲ್ಲ ಸಿಕ್ಕಲಿ, ತಂಬಿಟ್ಟಾದರೂ ಮಾಡಿ ಕಳಿಸೋಣ ಎಂದು ಕಾದಳು. ಒಂದು ವಾರ ತಡವಾದದ್ದಕ್ಕೆ ಬರೀ ತಂಬಿಟ್ಟು ಸಾಲದು ಎನ್ನಿಸಿತು. ಇನ್ನೊಂದು ವಾರ ಕಳೆಯಿತು, ಇನ್ನೂ ದೊಡ್ಡದು ಏನಾದರೂ ಬೇಕು. ತಡವಾದಷ್ಟೂ ಬೋಗುಣಿಯ ಹೊಟ್ಟೆ ಹಿಗ್ಗುತ್ತಾ ಹೋಯಿತು.

ಇದಕ್ಕಿಂತ ವಿಚಿತ್ರವಾದದ್ದು ಒಗ್ಗರಣೆ. ಮಧ್ಯಾಹ್ನ ಅಡುಗೆಯ ಹೊತ್ತಿಗೆ ಸರಿಯಾಗಿ ಗೋಡೆಯಾಚೆ ಕನಕಕ್ಕನ ಬಾಣಲೆಯಲ್ಲಿ ಸಾಸಿವೆ ಚಟಪಟ ಎನ್ನುತ್ತಿತ್ತು, ಇಂಗಿನ ವಾಸನೆ ಕಿಂಡಿಯಿಂದ ಇಳಿಯುತ್ತಿತ್ತು. ಅಲ್ಲಿ ಸಾಂಬಾರು ಆಗುತ್ತಿದೆ ಎಂದರ್ಥ. ಉಪ್ಸಾರಿಗೆ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಹಾಗಾಗಿ ನಮ್ಮ ಕಡೆಯಿಂದ ಗೋಡೆಯಾಚೆಗೆ ಏನೂ ಹೋಗುತ್ತಿರಲಿಲ್ಲ. ಇದು ಅಮ್ಮನಿಗೆ ಹೊಳೆದ ದಿನದಿಂದ ಅವಳು ಒಂದು ಸೌಟಿನಲ್ಲಿ ಎಣ್ಣೆಯ ಹನಿ ಹಾಕಿ, ನಾಲ್ಕು ಕಾಳು ಸಾಸಿವೆ, ಒಂದು ಎಲೆ ಕರಿಬೇವು ಸಿಡಿಸಿ, ಬೇಕೆಂದೇ ಕಿಂಡಿಯ ಕೆಳಗೆ ಹಿಡಿದು, ಆಮೇಲೆ ಚುಂಯ್ ಎನ್ನುವ ಹಾಗೆ ನೀರಿಗೆ ಅದ್ದುತ್ತಿದ್ದಳು. ಅತ್ತ ಚಟಪಟ ಎಂದರೆ ಇತ್ತ ಚುಂಯ್. ಅಜ್ಜಿಗೆ ಎಣ್ಣೆ ದಂಡವಾದದ್ದಕ್ಕಿಂತ ಈ ಬುದ್ಧಿ ಕಂಡು ಮೈ ಉರಿಯುತ್ತಿತ್ತು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ಕೇಳಿದ್ದೆ ಕಣಮ್ಮ. ಹೊಟ್ಟೆಗೆ ಹಿಟ್ಟು ಇರೋದಕ್ಕೇ ನಾಚ್ಕೊಳ್ಳೋರನ್ನ ಇಲ್ಲೇ ನೋಡಿದ್ದು!"

ಅಮ್ಮ ಸೌಟನ್ನು ತೊಳೆದು ಮೊಳೆಗೆ ಸಿಕ್ಕಿಸಿದಳು.

ಈ ನಡುವೆ ಅಮ್ಮ ಹಿತ್ತಿಲಿಗೆ ಹೋಗುವುದನ್ನು ಕಡಿಮೆ ಮಾಡಿದಳು. ಕನಕಕ್ಕನ ಬಳೆ ಸದ್ದು ಆಚೆ ಕೇಳಿದರೆ ಒಗೆಯುವ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದುಬಿಡುತ್ತಿದ್ದಳು. ಮೊದಮೊದಲು ಅವರು ಜಯಾ ಜಯಾ ಎಂದು ಕೂಗುತ್ತಿದ್ದರು. ಅಮ್ಮ ನನ್ನನ್ನು ಕಳಿಸಿ, ಸ್ನಾನ ಮಾಡ್ತಿದ್ದಾಳೆ ಎನ್ನಿಸುತ್ತಿದ್ದಳು. ಎಷ್ಟು ಸಲ ಸ್ನಾನ ಮಾಡುತ್ತಾಳೆ ನಿಮ್ಮಮ್ಮ ಎಂದು ಒಂದು ದಿನ ಕೇಳಿದವರು ಆಮೇಲೆ ಕೂಗುವುದನ್ನೇ ಬಿಟ್ಟರು. ನಾನು ಅಲ್ಲಿಗೆ ಹೋಗುವುದೂ ನಿಂತಿತು, ಬರಿಗೈಯಲ್ಲಿ ಹೋಗಬೇಡ ಎಂದು ಅಮ್ಮನ ಕಟ್ಟಪ್ಪಣೆ. ನನ್ನ ತಲೆಯನ್ನು ಈಗ ಅಜ್ಜಿ ಬಾಚುತ್ತಿದ್ದಳು, ಕಣ್ಣು ಸರಿಯಾಗಿ ಕಾಣದೆ ಬೈತಲೆಯನ್ನು ಕಿವಿಯ ಮೇಲೆ ತೆಗೆಯುತ್ತಿದ್ದಳು. ಅಮ್ಮನ ತಲೆನೋವು ಜಾಸ್ತಿಯಾಯಿತು. ಶುಂಠಿ ಪಟ್ಟು ಹಣೆಯಿಂದ ಇಳಿಯದೆ ಹಣೆಯ ಚರ್ಮವೇ ಸುಲಿಯಿತು. ಗೋಡೆಗೆ ಮುಖ ಮಾಡಿ ಮಲಗಿದರೆ ಸಾಯಂಕಾಲದವರೆಗೂ ಏಳುತ್ತಿರಲಿಲ್ಲ. ಆ ಗೋಡೆಯಾಚೆಗೇ ಅವಳ ಔಷಧಿ ಇತ್ತು. ನನಗೆ ಅಮ್ಮ ಹೀಗೆಯೇ ಮಲಗಿಬಿಡುತ್ತಾಳೆ, ಇನ್ನು ನಗುವುದೇ ಇಲ್ಲ ಎಂದು ಭಯವಾಗುತ್ತಿತ್ತು. ಆ ಭಯವನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮ ಮನೆಯಲ್ಲಿ ಆಗ ಏನನ್ನೂ ಹೇಳುವ ಹಾಗಿರಲಿಲ್ಲವಲ್ಲ.

ಅಪ್ಪ ಸಾಧು ಮನುಷ್ಯ. ಅಮ್ಮನಿಗೆ ಎದುರಾಡಿದ್ದು ನಾನು ನೋಡಿದ್ದೇ ಕಡಿಮೆ. ಸಂಕ್ರಾಂತಿ ಹತ್ತಿರ ಬಂದಾಗ ಮಾತ್ರ ಒಂದು ಜಗಳವಾಯಿತು. ಸಂಕ್ರಾಂತಿಯಲ್ಲಿ ಎಳ್ಳು ಬೀರಬೇಕು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಎಂದು ಮನೆಮನೆಗೆ ಕೊಟ್ಟು ಬರುವ ದಿನ ಅದು. ಅವತ್ತು ಯಾವ ಮನೆಗೆ ಎಳ್ಳು ಹೋಗುವುದಿಲ್ಲವೋ ಆ ಮನೆಯ ಜೊತೆ ಮಾತು ಬಿಟ್ಟಿದೆ ಎಂದು ಬೀದಿಯೇ ಓದಿಕೊಳ್ಳುತ್ತದೆ. ದೀಪಾವಳಿಯ ಬೋಗುಣಿ ಸಂಕ್ರಾಂತಿಗೂ ಹೋಗದಿದ್ದರೆ ಇನ್ನು ಅದು ಹೋಗುವುದೇ ಇಲ್ಲ. ಇದು ನಮಗೆಲ್ಲರಿಗೂ ಗೊತ್ತಿತ್ತು.

"ಖಾಲಿ ಕೊಟ್ಬಿಡೆ. ಪ್ರಳಯ ಆಗುತ್ತಾ?" ಎಂದರು ಅಪ್ಪ.

"ನಿಮಗೇನ್ರೀ ಗೊತ್ತು ಹೆಂಗಸರ ವಿಷಯ? ಎರಡು ತಿಂಗಳು ಇಟ್ಕೊಂಡು ಖಾಲಿ ಕೊಟ್ರೆ ಉಗಿದು ಕೊಟ್ಟ ಹಾಗೆ."

"ಹಂಗಾದ್ರೆ ರಾಗಿಹಿಟ್ಟು ತುಂಬಿ ಕೊಡು. ಅದಿದೆಯಲ್ಲ ಮನೇಲಿ."

"ರಾಗೀನಾ? ಅವರಿಗಾ? ತಂಜಾವೂರಿನೋರು ಅವರು. ನಮ್ಮನೆ ಹಣೆಬರಹ ಬಾಗಿಲ ಮೇಲೇ ಬರೆದು ಹಾಕಿಬಿಡಿ ಅದರ ಬದ್ಲು!"

"ಕೆಲಸ ಕಳ್ಕೊಂಡಿದ್ದು ನಾನು ಕಣೆ. ನನಗಿಲ್ಲದ ನಾಚಿಕೆ ನಿನಗ್ಯಾಕೆ?"

ಅದು ಅಪ್ಪ ಆಡಬಾರದಿತ್ತು. ಅಥವಾ ಮೂರು ತಿಂಗಳ ಮೊದಲೇ ಆಡಬೇಕಿತ್ತೋ ಏನೋ. ಅಮ್ಮ ಅವತ್ತು ಊಟ ಮಾಡಲಿಲ್ಲ. ಅಪ್ಪ ತಾವೇ ಬೋಗುಣಿಯನ್ನು ಹಲಗೆಯಿಂದ ಇಳಿಸಿ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತು, ಮತ್ತೆ ಅಲ್ಲೇ ಇಟ್ಟುಬಿಟ್ಟರು.

ಸಂಕ್ರಾಂತಿಯ ಹಿಂದಿನ ದಿನ. ಅಪ್ಪ ಹೊರಗೆ ಹೋಗಿದ್ದರು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಮ್ಮ ಒಲೆಯ ಮುಂದೆ ಹಿಟ್ಟಿನ ಕೋಲಿನಿಂದ ತೊಳಸಿ, ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟಿಡುತ್ತಿದ್ದಳು. ನಾನು ತಟ್ಟೆಯ ಮುಂದೆ ಕೂತಿದ್ದೆ. ಅಜ್ಜಿಯನ್ನು ದಾಟಿಕೊಂಡು ಕನಕಕ್ಕ ಒಳಗೆ ಬಂದುಬಿಟ್ಟರು. ಎಂದೂ ಕೆದರದ ಅವರ ತಲೆ ಕೆದರಿತ್ತು. ಅಮ್ಮ ಗಾಬರಿಯಲ್ಲಿ ಕೈಗೆ ಸಿಕ್ಕ ಮೊರವನ್ನು ಮುದ್ದೆಗಳ ಮೇಲೆ ಬೋರಲು ಹಾಕಿದಳು.

"ಬನ್ನಿ ಕನಕಕ್ಕ, ಕೂತ್ಕೊಳ್ಳಿ, ಕಾಫಿ..." ಎಂದವಳು ಕಾಫಿಪುಡಿಯ ಡಬ್ಬಿ ಖಾಲಿಯಾಗಿರುವುದು ನೆನಪಾಗಿ ಅಲ್ಲಿಗೇ ನಿಂತಳು.

"ಕಾಫಿ ಬೇಡ. ನಂದು ಬೋಗುಣಿ ಕೊಡು. ನಾಳೆ ಪೊಂಗಲ್‌ಗೆ ಬೇಕು."

"ನಾಳೆ ಬೆಳಿಗ್ಗೆ ನಾಗು ಕೈಲಿ ಕಳಿಸ್ತೀನಿ."

ನಾಗು ನಾನು. ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ.

"ದೀಪಾವಳಿಯಿಂದ ನಾಳೆ ನಾಳೆ! ಅಲ್ಲೇ ಕೂತಿದೆ ಹಲಗೆ ಮೇಲೆ, ಕಾಣ್ತಿದೆ ನಂಗೆ." ಕನಕಕ್ಕ ಹಲಗೆಯ ಕಡೆ ಕೈ ತೋರಿಸಿದರು. "ನೇರವಾಗೇ ಕೇಳ್ತೀನಿ ಜಯಾ. ಅಂಗಡಿ ವಿಷಯ ನಿಂಗೆ ಗೊತ್ತಾಯ್ತು. ಅದಕ್ಕೇ ತಾನೆ ನಮ್ಮನೆ ಸಹವಾಸ ಬೇಡ ಅಂತ ಬಿಟ್ಟೆ?"

"ಯಾವ ಅಂಗಡಿ ವಿಷಯ?"

"ನಾಟಕ ಬೇಡ. ಸೋಲ್ಜರ್ ಎಲ್ಲ ಹೋದ ಮೇಲೆ ಬಟ್ಟೆ ಯಾರು ಹೊಲಿಸ್ತಾರೆ? ಮಿಷಿನ್ ಎಲ್ಲ ಮಾರಾಯ್ತು, ಒಂದೇ ಒಂದು ಉಳಿದಿದೆ. ಇವರು ಅದರ ಮುಂದೆ ಸುಮ್ನೆ ಕೂತಿರ್ತಾರೆ. ನಿಂದು ಆಫೀಸರ್ ಮನೆ, ತಿಂಗಳಾದ್ರೆ ಸಂಬಳ. ಬಡವರ ಬೋಗುಣಿ ನಿಂಗ್ಯಾಕೆ? ಸೆರಿ. ಕೊಟ್ಬಿಡು, ಹೋಗ್ತೀನಿ."

ಅಮ್ಮ ಬಾಯಿ ತೆರೆದು ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಲ್ಲೇ ಒಲೆಯ ಮುಂದೆ ಕುಸಿದು ಕೂತಳು.

"ಖಾಲಿ ಹೆಂಗೆ ಕೊಡ್ಲಿ ಕನಕಕ್ಕಾ? ಹಾಕೋಕ್ಕೆ ಏನೂ ಇಲ್ಲ ಮನೇಲಿ. ಇವರಿಗೆ ಕೆಲಸ ಹೋಗಿ ದಸರೆಯಿಂದ ಹಿಂಗೇ ಇದೀವಿ."

ಈಗ ಬಾಯಿ ತೆರೆಯುವ ಸರದಿ ಕನಕಕ್ಕನದು. ಅವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಒಲೆಯನ್ನು ನೋಡಿದರು.

"ಸುಳ್ಳು ಹೇಳ್ಬೇಡ. ದಿನಾ ಮಧ್ಯಾಹ್ನ ಒಗ್ಗರಣೆ ಹಾಕ್ತೀಯಲ್ಲ? ನಂಗೆ ಕೇಳಲ್ವಾ?"

ಅಮ್ಮ ತಲೆ ತಗ್ಗಿಸಿದಳು. ಉತ್ತರ ಬಂದದ್ದು ಬಾಗಿಲಿನಿಂದ, ಅಜ್ಜಿಯದು.

"ಅದು ಬರೀ ಒಗ್ಗರಣೆ ಕಣಮ್ಮ. ಕೆಳಗೆ ಸಾರೂ ಇಲ್ಲ, ಹುಳಿಯೂ ಇಲ್ಲ. ನಿನಗೆ ಕೇಳ್ಲಿ ಅಂತ ನೀರಿಗೆ ಹಾಕ್ತಾಳೆ ನನ್ನ ಸೊಸೆ."

ಕನಕಕ್ಕ ತಲೆ ಎತ್ತಿ ಕಿಂಡಿಯ ಕಡೆ ನೋಡಿದರು. ಅವರು ಅಳುತ್ತಾರೆ ಎಂದುಕೊಂಡೆ ನಾನು. ಅವರ ಭುಜ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು, ಗೋಡೆಗೆ ಕೈ ಕೊಟ್ಟು ಮೆಲ್ಲಗೆ ನೆಲಕ್ಕೆ ಇಳಿದರು.

"ಅಯ್ಯೋ ಕಡವುಳೇ! ಜಯಾ, ನಂದೂ ಅಷ್ಟೇ ಕಣೇ! ನಂದೂ ಬರೀ ಒಗ್ಗರಣೆ! ಬೇಳೆ ಮನೇಲಿ ನೋಡಿ ಎಷ್ಟು ದಿನ ಆಯ್ತು. ನೀನು ಚುಂಯ್ ಅನ್ನಿಸ್ತೀಯ, ನಾನು ಬಿಡಕ್ಕಾಗುತ್ತಾ?"

ಅಮ್ಮ ತಲೆ ಎತ್ತಿದಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದ ಹಾಗೆಯೇ ನಗು ಬಂತು ಅವಳಿಗೆ. ಮೊದಲು ಮೂಗಿನಿಂದ, ಆಮೇಲೆ ಬಾಯಿ ತುಂಬ. ಎರಡು ತಿಂಗಳಿಂದ ಎರಡು ಮನೆಯ ಹೆಂಗಸರು ಒಂದೇ ಗೋಡೆಯ ಎರಡು ಕಡೆ ನಿಂತು, ಇಲ್ಲದ ಸಾಂಬಾರಿಗೆ ಒಗ್ಗರಣೆ ಹಾಕಿ ಒಬ್ಬರನ್ನೊಬ್ಬರು ಅಳಿಸಿದ್ದರು. ಅಷ್ಟು ಎಣ್ಣೆ ಉಳಿಸಿದ್ದರೆ ಎರಡು ಮನೆಗೂ ಸಂಕ್ರಾಂತಿಗೆ ಏನಾದರೂ ಕರಿಯಬಹುದಿತ್ತು ಎಂದು ಅಜ್ಜಿ ಸೊಪ್ಪಿನ ಕಡೆ ನೋಡುತ್ತಲೇ ಹೇಳಿದಳು. ದೀಪಾವಳಿಯ ಕಜ್ಜಾಯ ತಮ್ಮ ಮನೆಯಲ್ಲಿದ್ದ ಕೊನೆಯ ಬೆಲ್ಲದ್ದೆಂದು ಕನಕಕ್ಕ ಆಗ ಹೇಳಿದರು. ತಿಂಡಿ ನಿಂತರೆ ಜಯಾಗೆ ಅನುಮಾನ ಬರುತ್ತದೆ ಎಂದು, ತಮ್ಮ ಮಕ್ಕಳಿಗೂ ಸರಿಯಾಗಿ ಕೊಡದೆ, ಬೋಗುಣಿ ತುಂಬಿ ತಂದುಕೊಟ್ಟಿದ್ದರಂತೆ. ಅಮ್ಮ ಆ ಮಾತಿಗೆ ಮತ್ತೆ ಅತ್ತಳು.

ಕನಕಕ್ಕ ಕಣ್ಣೊರೆಸಿಕೊಂಡು ಮೊರವನ್ನು ಎತ್ತಿದರು.

"ಇದೇನು, ಇಷ್ಟು ಗುಂಡಗೆ? ನಮಗೂ ರೇಷನ್‌ನಲ್ಲಿ ರಾಗಿ ಕೊಟ್ರು. ನಮ್ಮ ಕಡೆ ಥರ ಕಳಿ ಮಾಡಿದ್ರೆ ಬರೀ ಗಂಟು, ಗೋಡೆಗೆ ಮೆತ್ತಬಹುದು. ಮಕ್ಕಳು ಅಳ್ತಾರೆ. ಕೊಡು, ತಿಂತೀನಿ."

"ತಟ್ಟೆ ತರ್ತೀನಿ ಇರಿ."

"ತಟ್ಟೆ ಯಾಕೆ? ನಂದು ಬೋಗುಣಿ ಇದೆಯಲ್ಲ."

ಅಮ್ಮ ಹಲಗೆಯಿಂದ ಬೋಗುಣಿ ಇಳಿಸಿ, ಅದರಲ್ಲಿ ಒಂದು ಮುದ್ದೆ ಇಟ್ಟು, ಸುತ್ತ ಉಪ್ಸಾರು ಬಿಟ್ಟು, ಎರಡೂ ಕೈಯಲ್ಲಿ ಕೊಟ್ಟಳು. ಕನಕಕ್ಕ ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು. ಹಿಟ್ಟು ಹಲ್ಲಿಗೆಲ್ಲ ಮೆತ್ತಿಕೊಂಡು ಮಾತೇ ಹೊರಡದಂತಾಗಿ ಅವರು ಕಣ್ಣು ಕಣ್ಣು ಬಿಟ್ಟರೆ ನಾನೂ ಅಮ್ಮನೂ ಒಟ್ಟಿಗೆ ಕೂಗಿದೆವು.

"ಅಗೀಬೇಡಿ ಕನಕಕ್ಕ, ನುಂಗಿ!"

ಅಜ್ಜಿ ಸೊಪ್ಪು ಬಿಟ್ಟು ಒಳಗೆ ಬಂದಳು. ಚಿಕ್ಕದಾಗಿ ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನಾಲಿಗೆಯ ಮೇಲಿಟ್ಟು ಬಿಟ್ಟುಬಿಡಬೇಕು, ಅದರ ದಾರಿ ಅದಕ್ಕೆ ಗೊತ್ತು ಎಂದು ತೋರಿಸಿಕೊಟ್ಟಳು. ಮೂರನೆಯ ತುತ್ತು ಇಳಿಯಿತು. ಕನಕಕ್ಕ ಗೆದ್ದವರ ಹಾಗೆ ಎದೆ ನೀವಿಕೊಂಡರು. ಅಮ್ಮನೂ ಅವರ ಪಕ್ಕದಲ್ಲೇ ಕೂತು ಉಂಡಳು. ಅವಳು ಎರಡು ಮುದ್ದೆ ಉಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹಣೆಯ ಶುಂಠಿ ಪಟ್ಟು ಒಣಗಿ ಉದುರಿಹೋಗಿತ್ತು, ಅದು ಅವಳ ಗಮನಕ್ಕೂ ಬರಲಿಲ್ಲ.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯುಗಾದಿಯ ಹೊತ್ತಿಗೆ ಅಪ್ಪನಿಗೆ ಒಂದು ಮರದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ಡಿಪೋದ ಸಂಬಳ ಮತ್ತೆಂದೂ ಬರಲಿಲ್ಲ. ಕನಕಕ್ಕನ ಗಂಡ ಉಳಿದ ಒಂದು ಮಿಷಿನ್ನನ್ನು ಮನೆಯ ಜಗಲಿಗೆ ತಂದುಹಾಕಿ ಬೀದಿಯ ಮಕ್ಕಳ ಬಟ್ಟೆ ಹೊಲಿದರು, ನನ್ನ ಲಂಗಗಳೆಲ್ಲ ಅವರು ಹೊಲಿದವೇ. ನಮ್ಮ ಮನೆಯ ಮುಂಬಾಗಿಲು ಊಟದ ಹೊತ್ತಿನಲ್ಲೂ ತೆರೆದಿರುತ್ತಿತ್ತು. ಅಮ್ಮನ ತಲೆನೋವು ಪೂರ್ತಿ ಹೋಯಿತೆಂದರೆ ಸುಳ್ಳಾದೀತು, ಬಂದಾಗ ಒಬ್ಬಳೇ ಮಲಗುತ್ತಿರಲಿಲ್ಲ ಅಷ್ಟೇ. ನಾನು ಮುಂದೆ ಸಂಬಳ ತಂದೆ, ಮನೆ ಕಟ್ಟಿಸಿದೆ, ದುಡ್ಡು ಬಂದದ್ದನ್ನೂ ಹೋದದ್ದನ್ನೂ ನೋಡಿದೆ. ಕೈ ಬರಿದಾದಾಗ ನಾನು ಮೊದಲು ಮಾಡುವ ಕೆಲಸ, ಹತ್ತಿರದ ಒಬ್ಬರಿಗೆ ಅದನ್ನು ಹೇಳಿಬಿಡುವುದು. ಅದನ್ನು ಕಲಿತದ್ದು ಅವತ್ತು ಆ ಅಡುಗೆಮನೆಯ ನೆಲದ ಮೇಲೆ.

ಆದರೆ ನನಗೆ ಹೆಚ್ಚು ನೆನಪಿರುವುದು ಅವತ್ತಿನ ಕೊನೆಯ ಗಳಿಗೆ. ಊಟವಾಯಿತು. ಅಮ್ಮ ಬೋಗುಣಿಯನ್ನು ಬಚ್ಚಲಿಗೆ ಒಯ್ದು ತೊಳೆದು, ಸೆರಗಿನಿಂದ ಒರೆಸಿ ತಂದಳು. ಅಭ್ಯಾಸಬಲದಿಂದ ಅವಳ ಕಣ್ಣು ಹಲಗೆಯ ಡಬ್ಬಿಗಳ ಮೇಲೆಲ್ಲ ಹರಿದು, ಕೊನೆಗೆ ಹಿತ್ತಿಲ ಕರಿಬೇವಿನ ಗಿಡದ ಮೇಲೆ ನಿಂತಿತು. ಗಿಡದ ಕಡೆ ಹೆಜ್ಜೆ ಹಾಕಿದಳು. ಕನಕಕ್ಕ ಅವಳ ಕೈಯಿಂದ ಬೋಗುಣಿಯನ್ನು ಕಿತ್ತುಕೊಂಡರು.

"ಬೇಡ. ಹಂಗೇ ಕೊಡು."

ಹಿತ್ತಿಲ ಬಾಗಿಲಿನಿಂದ ಬಂದವರು ಈಗ ನಡುಮನೆ ದಾಟಿ ಮುಂಬಾಗಿಲ ಕಡೆ ಹೊರಟರು. ಮಧ್ಯಾಹ್ನದ ಬೀದಿಯಲ್ಲಿ ಹಬ್ಬದ ಓಡಾಟ, ಜಗಲಿ ಜಗಲಿಯಲ್ಲೂ ಜನ. ಬೋಗುಣಿ ಅವರ ಸೊಂಟದ ಮೇಲೆ ಬಾಯಿ ಹೊರಗೆ ಮಾಡಿಕೊಂಡು ಕೂತಿತ್ತು, ಅದರೊಳಗೆ ಏನೂ ಇಲ್ಲವೆಂದು ಯಾರು ಬೇಕಾದರೂ ನೋಡಬಹುದಿತ್ತು. ಅಮ್ಮ ಹಿಂದೆಯೇ ಓಡಿದವಳು ನಡುಮನೆಯಲ್ಲಿ ನಿಂತು ಅಜ್ಜಿಯ ಕಡೆ ತಿರುಗಿದಳು.

"ಅತ್ತೆ, ಖಾಲಿ ತಗೊಂಡ್ ಹೋಗ್ತಿದಾರೆ..."

ಅಜ್ಜಿ ಆಗಲೇ ಮತ್ತೆ ಸೊಪ್ಪಿನ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡೆ. ಖಾಲಿ ಕೊಡಬಾರ್ದು ಅನ್ನೋದು ಹೊರಗಿನೋರಿಗೆ."

ಕನಕಕ್ಕ ಅಷ್ಟು ಹೊತ್ತಿಗೆ ಹೊಸ್ತಿಲು ದಾಟಿಯಾಗಿತ್ತು.